ರಾತ್ರಿ ಪಾಳಿಯ ತಿಳಿವಳಿಕೆ



ಮನೋರೋಗಿಗಳ ಶುಶ್ರೂಷೆ ಎಂದೊಡನೆ ಎತ್ತರದ ಗೋಡೆ, ಕಬ್ಬಿಣದ ಗೇಟು ಕಣ್ಣ ಮುಂದೆ ಬರುತ್ತವೆ. ನಾನು ಅಲ್ಲಿಂದ ಶುರುಮಾಡುವುದಿಲ್ಲ. ಯಾವುದೇ ಜಿಲ್ಲಾಸ್ಪತ್ರೆಯ ಮೂಳೆ ವಾರ್ಡಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ ನಡುವಯಸ್ಸಿನ ಗಂಡಸೊಬ್ಬ ಅಲ್ಲಿ ದಾಖಲಾಗಿದ್ದಾನೆ. ಮೊದಲೆರಡು ದಿನ ಸರಿಯಾಗಿಯೇ ಇದ್ದ. ಮೂರನೆಯ ರಾತ್ರಿ ಹಾಸಿಗೆಯ ಮೇಲೆ ಹುಳ ಹರಿದಾಡುತ್ತಿವೆ ಎಂದು ಕೊಡವತೊಡಗುತ್ತಾನೆ. ಮೈ ಬೆವರಿ ಒದ್ದೆಯಾಗಿದೆ, ಕೈ ನಡುಗುತ್ತಿದೆ, ತಾನಿರುವುದು ಆಸ್ಪತ್ರೆಯಲ್ಲಿ ಎಂಬುದೇ ಅವನಿಗೆ ಮರೆತುಹೋಗಿದೆ. ಕಾಲಿಗೆ ಕಟ್ಟಿದ ತೂಕವನ್ನು ಕಿತ್ತುಹಾಕಿ ಹೊರಟೇ ಬಿಡುತ್ತಾನೆ. ಪಕ್ಕದ ಹಾಸಿಗೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ಇನ್ನೊಬ್ಬರು ತಲೆಗೂ ಪೆಟ್ಟಾಗಿರಬೇಕು ಎನ್ನುತ್ತಾರೆ. ಅಷ್ಟರಲ್ಲಿ ಯಾರೋ ಕೈಕಾಲು ಕಟ್ಟಲು ಬ್ಯಾಂಡೇಜ್ ಸುರುಳಿ ತರುತ್ತಾರೆ.

ಈ ಮನುಷ್ಯನಿಗೆ ಗಾಳಿಯೂ ಸೋಕಿಲ್ಲ, ಹುಚ್ಚೂ ಹಿಡಿದಿಲ್ಲ. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವನಿಗೆ ಅಪಘಾತವಾದ ದಿನವೇ ಕುಡಿತ ನಿಂತಿದೆ. ಹಾಗೆ ಥಟ್ಟನೆ ನಿಂತಾಗ ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಈ ಸ್ಥಿತಿ ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಸರಿಯಾದ ಹೊತ್ತಿಗೆ ಲೊರಾಜಿಪಾಮ್‌ನಂಥ ಔಷಧಿ, ಗ್ಲೂಕೋಸ್ ಬಾಟಲಿ ಏರಿಸುವ ಮುಂಚೆ ಥಯಮಿನ್ ಚುಚ್ಚುಮದ್ದು, ದೀಪ ಉರಿಯುವ ಶಾಂತ ಮೂಲೆ, ಗುರುತಿನ ಒಂದು ಮುಖ: ಇಷ್ಟು ದೊರೆತರೆ ಬಹುಪಾಲು ಜನ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಥಯಮಿನ್ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಅದಿಲ್ಲದೆ ಬರಿಯ ಗ್ಲೂಕೋಸ್ ಹೋದರೆ ಮಿದುಳಿಗೆ ಆಗುವ ಹಾನಿಯಿಂದ ಕೆಲವರ ನೆನಪಿನ ಶಕ್ತಿ ಮರಳಿ ಬರುವುದೇ ಇಲ್ಲ.

ಇದಿಷ್ಟನ್ನೂ ತಡೆಯಬಹುದಾಗಿದ್ದದ್ದು ಒಂದು ಪ್ರಶ್ನೆ. ದಾಖಲಾದ ದಿನವೇ ಹೆಂಡತಿಯನ್ನು ಒಂದು ಬದಿಗೆ ಕರೆದು, "ನಿಮ್ಮ ಯಜಮಾನ್ರು ದಿನಾ ಕುಡೀತಾರಾ? ಕೊನೇ ಸಲ ಕುಡಿದದ್ದು ಯಾವಾಗ?" ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆದಿದ್ದರೆ ಮೂರನೆಯ ರಾತ್ರಿ ಬೇರೆಯೇ ಆಗುತ್ತಿತ್ತು. ಅದನ್ನು ಕೇಳಲು ಎಲ್ಲರಿಗಿಂತ ಹೆಚ್ಚು ಅವಕಾಶ ಇರುವುದು ವಾರ್ಡಿನ ಸಿಸ್ಟರ್‌ಗೆ.

ಇವತ್ತು ನಾನು ಹೇಳಬೇಕಾದದ್ದು ಇದನ್ನೇ. ಸಕ್ಕರೆ ಕಾಯಿಲೆಗೆ ರಕ್ತದ ವರದಿ ಇದೆ, ಮೂಳೆಗೆ ಎಕ್ಸ್‌ರೇ ಇದೆ. ಖಿನ್ನತೆಗೆ, ಸ್ಕಿಝೋಫ್ರೇನಿಯಾಕ್ಕೆ ಅಂಥ ಪರೀಕ್ಷೆ ಇಲ್ಲ. ಇಲ್ಲಿ ಪರೀಕ್ಷೆ ಎಂದರೆ ನೋಡುವುದು, ಕೇಳುವುದು, ಕೂತು ಗಮನಿಸುವುದು. ಡಾಕ್ಟರು ರೌಂಡ್ಸಿಗೆ ಬಂದು ರೋಗಿಯ ಬಳಿ ಕೆಲವು ನಿಮಿಷ ನಿಲ್ಲುತ್ತಾರೆ. ಇಡೀ ಪಾಳಿ ಅಲ್ಲೇ ಇರುವುದು ನರ್ಸ್. ರೋಗಿ ಎಷ್ಟು ಹೊತ್ತಿಗೆ ಎದ್ದ, ಎದ್ದವನು ಅತ್ತನೋ ಓಡಾಡಿದನೋ, ತಟ್ಟೆಯಲ್ಲಿ ಎಷ್ಟು ಅನ್ನ ಉಳಿಯಿತು, ಮಾತ್ರೆ ನುಂಗಿದನೋ ದವಡೆಯಲ್ಲಿ ಅಡಗಿಸಿ ಉಗುಳಿದನೋ, ಮಗ ಬಂದು ಹೋದ ಮೇಲೆ ಮುಖ ಹೇಗಿತ್ತು, ಇವೆಲ್ಲ ಈ ಕಾಯಿಲೆಗಳ ಲ್ಯಾಬ್ ರಿಪೋರ್ಟುಗಳು. ರಾತ್ರಿ ಪಾಳಿಯ ಪುಸ್ತಕದಲ್ಲಿ "ರೋಗಿ ಚೆನ್ನಾಗಿ ಮಲಗಿದ್ದರು" ಎಂದು ಎಲ್ಲರ ಹೆಸರಿನ ಮುಂದೂ ಒಂದೇ ಸಾಲು ಬರೆದರೆ ಆ ರಿಪೋರ್ಟನ್ನು ಹರಿದು ಬಿಸಾಡಿದ ಹಾಗೆ. ಖಿನ್ನತೆಯವರಲ್ಲಿ ಹಲವರು ನಸುಕಿನ ಮೂರು, ನಾಲ್ಕು ಗಂಟೆಗೆ ಎಚ್ಚರಗೊಂಡು ಮತ್ತೆ ನಿದ್ದೆ ಬಾರದೆ ಒದ್ದಾಡುತ್ತಾರೆ. ಇಡೀ ದಿನದಲ್ಲಿ ಅವರಿಗೆ ಅತಿ ಭಾರವಾದ ಹೊತ್ತು ಅದು. ಆ ಹೊತ್ತನ್ನು ಕಾಣುವವರು ರಾತ್ರಿ ಪಾಳಿಯವರು ಮಾತ್ರ.

ಈ ತಿಳಿವಳಿಕೆಗೆ ಬೆಲೆ ಬರಲು ಬಹಳ ಕಾಲ ಹಿಡಿಯಿತು. ಹಳೆಯ ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಕಾವಲುಗಾರರು. ಬೀಗದ ಕೈಗೊಂಚಲೇ ಅವರ ಸಲಕರಣೆ. ಈ ಕೆಲಸಕ್ಕೆ ತರಬೇತಿ ಬೇಕು ಎಂದು ಅಮೆರಿಕದ ಮ್ಯಾಕ್ಲೀನ್ ಆಸ್ಪತ್ರೆ ಶಾಲೆ ತೆರೆದದ್ದು 1882ರಲ್ಲಿ. ನಮ್ಮ ಬೆಂಗಳೂರಿನ ಆಸ್ಪತ್ರೆಯ ಬೇರು 19ನೆಯ ಶತಮಾನದ ನಡುಭಾಗಕ್ಕೆ ಹೋಗುತ್ತದೆ. ಹುಚ್ಚಾಸ್ಪತ್ರೆ ಎಂದೇ ಊರವರು ಕರೆಯುತ್ತಿದ್ದ ಅದು ಮೈಸೂರು ಸರ್ಕಾರದ ಕಾಲದಲ್ಲಿ ಮಾನಸಿಕ ಆಸ್ಪತ್ರೆಯಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರ ಹೆಸರು ಅದರ ಬೆಳವಣಿಗೆಯೊಂದಿಗೆ ಸೇರಿಕೊಂಡಿದೆ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಹಿನ್ನೆಲೆಯಲ್ಲಿ 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅದೇ ದಶಕದಲ್ಲಿ ಮನೋವೈದ್ಯಕೀಯ ಶುಶ್ರೂಷೆಯ ಡಿಪ್ಲೊಮಾ ಶುರುವಾಗಿ, ದೇಶದ ಮೂಲೆ ಮೂಲೆಗಳಿಂದ ನರ್ಸುಗಳು ಬೆಂಗಳೂರಿಗೆ ಕಲಿಯಲು ಬಂದರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ನಿಮ್ಹಾನ್ಸ್ ಎಂದರೆ ಡಾಕ್ಟರುಗಳ ಹೆಸರು ನೆನಪಾಗುತ್ತವೆ, ಆ ಡಿಪ್ಲೊಮಾ ಪಡೆದು ತಮ್ಮ ತಮ್ಮ ರಾಜ್ಯಕ್ಕೆ ಹಿಂದಿರುಗಿದ ಹೆಣ್ಣುಮಕ್ಕಳ ಹೆಸರು ನೆನಪಾಗುವುದಿಲ್ಲ. ಅದು ನನಗೆ ನೋವಿನ ಸಂಗತಿ.

ಇನ್ನೊಬ್ಬಾಕೆಯ ಹೆಸರನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತೀರಿ, ಹಿಲ್ಡಗಾರ್ಡ್ ಪೆಪ್ಲಾವ್. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಸಾಧನ ಎಂದು ವಾದಿಸುವ ಪುಸ್ತಕವನ್ನು ಆಕೆ 1948ರ ಹೊತ್ತಿಗೇ ಬರೆದು ಮುಗಿಸಿದ್ದರು. ವೈದ್ಯರೊಬ್ಬರ ಹೆಸರು ಜೊತೆಗಿಲ್ಲದೆ ಬರಿಯ ನರ್ಸ್ ಒಬ್ಬಳು ಇಂಥ ಪುಸ್ತಕ ತರುವುದು ಅತಿಯಾಯಿತು ಎಂಬ ಭಾವನೆಯಿಂದ ಅದು ಅಚ್ಚಾಗಲು 1952ರವರೆಗೆ ಕಾಯಬೇಕಾಯಿತು. ಮನೋರೋಗ ಚಿಕಿತ್ಸೆಯ ದಿಕ್ಕು ಬದಲಿಸಿದ ಕ್ಲೋರ್‌ಪ್ರೊಮಜಿನ್ ಔಷಧಿಯನ್ನು ಪ್ಯಾರಿಸ್ಸಿನ ವೈದ್ಯರು ಮನೋರೋಗಿಗಳಿಗೆ ಕೊಟ್ಟು ನೋಡಿದ್ದೂ 1952ರಲ್ಲೇ. ಔಷಧಿ ಕೆಲವೇ ವರ್ಷಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ಪೆಪ್ಲಾವ್ ಅವರ ಮಾತು ಮಾತ್ರ ನಮ್ಮ ಎಷ್ಟೋ ವಾರ್ಡುಗಳಿಗೆ ಇನ್ನೂ ತಲುಪಿಲ್ಲ.

ಔಷಧಿ ಬಂದದ್ದರಿಂದ ನರ್ಸಿನ ಕೆಲಸ ಹಗುರವಾಯಿತು ಎಂದು ಹಲವರು ತಿಳಿಯುತ್ತಾರೆ. ಹಾಗಾಗಲಿಲ್ಲ, ಇನ್ನಷ್ಟು ಸೂಕ್ಷ್ಮವಾಯಿತು. ಹ್ಯಾಲೊಪೆರಿಡಾಲ್ ಚುಚ್ಚುಮದ್ದು ಕೊಟ್ಟ ಒಂದೆರಡು ದಿನದಲ್ಲಿ, ಅದರಲ್ಲೂ ಹರೆಯದ ಹುಡುಗರಲ್ಲಿ, ಕತ್ತು ಒಂದು ಬದಿಗೆ ತಿರುಚಿಕೊಳ್ಳಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು, ನಾಲಗೆ ಹೊರಳದೆ ಹೋಗಬಹುದು. ದೇವಸ್ಥಾನ, ಮಂತ್ರವಾದಿ ಎಂದು ಸುತ್ತಿ ಕೊನೆಗೆ ಆಸ್ಪತ್ರೆಗೆ ಬಂದ ತಾಯಿ ಅದನ್ನು ಕಂಡರೆ ಏನೆಂದುಕೊಳ್ಳುತ್ತಾಳೆ? ದೆವ್ವ ಮರಳಿ ಬಂತು ಎಂದೇ. ಪ್ರೊಮೆಥಜಿನ್ ಚುಚ್ಚುಮದ್ದು ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಆ ಸೆಳೆತ ಬಿಡುತ್ತದೆ. ಆದರೆ ಅದಕ್ಕೂ ಮುಂಚೆಯೇ, ಔಷಧಿ ಶುರುಮಾಡಿದ ದಿನವೇ, "ಅಮ್ಮ, ಹೀಗೆ ಕತ್ತು ಹಿಡಿದುಕೊಳ್ಳಬಹುದು, ಅದು ಔಷಧಿಯಿಂದ, ಹೆದರಬೇಡಿ, ತಕ್ಷಣ ಕೂಗಿ" ಎಂದು ಹೇಳಿದ್ದರೆ ಆ ತಾಯಿ ಮಗನನ್ನು ಎಬ್ಬಿಸಿಕೊಂಡು ಹೊರಟುಹೋಗುವುದಿಲ್ಲ.

ಇದಕ್ಕಿಂತ ಕಷ್ಟದ್ದು ಅಕಥೀಸಿಯ. ಇದೂ ಔಷಧಿಯಿಂದಲೇ ಬರುವ ತೊಂದರೆ. ರೋಗಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ನೋಡಿದವರು ಕಾಯಿಲೆ ಹೆಚ್ಚಾಯಿತು ಎಂದು ವರದಿ ಮಾಡುತ್ತಾರೆ, ಡೋಸ್ ಏರುತ್ತದೆ, ಚಡಪಡಿಕೆ ಇನ್ನೂ ಏರುತ್ತದೆ. ಪಕ್ಕದಲ್ಲಿ ಹೆಜ್ಜೆ ಹಾಕುತ್ತ, "ಹೆದರಿಕೆಯಾಗಿ ಓಡಾಡ್ತಿದ್ದೀರಾ, ಇಲ್ಲ ಕಾಲೇ ಸುಮ್ಮನಿರೋಕೆ ಬಿಡ್ತಿಲ್ವಾ?" ಎಂದು ಕೇಳಿದರೆ ಬಹಳ ಮಂದಿ ತಾವಾಗಿಯೇ ಕಾಲು ತೋರಿಸುತ್ತಾರೆ. ಈ ಸಂಕಟ ತಾಳಲಾರದೆ ಪ್ರಾಣ ಕಳೆದುಕೊಳ್ಳಲು ಹೊರಟವರೂ ಇದ್ದಾರೆ. ಆದ್ದರಿಂದ ಇದನ್ನು ಸಣ್ಣ ಅಡ್ಡಪರಿಣಾಮ ಎಂದು ಬರೆದು ಮುಗಿಸಬಾರದು.

ಲಿಥಿಯಂ ಕತೆ ನಮ್ಮ ಹವೆ, ನಮ್ಮ ಅಡುಗೆಮನೆಗೆ ಸಂಬಂಧಿಸಿದ್ದು. ಉನ್ಮಾದ ಮತ್ತು ಖಿನ್ನತೆ ಸರದಿಯ ಮೇಲೆ ಬರುವ ಕಾಯಿಲೆಗೆ ಇದಕ್ಕಿಂತ ನಂಬಿಕಸ್ತ ಔಷಧಿಗಳು ಕಡಿಮೆ. ಆದರೆ ರಕ್ತದಲ್ಲಿ ಅದರ ಪ್ರಮಾಣ ಲೀಟರಿಗೆ ಸುಮಾರು 0.6ರಿಂದ 1.2 ಮಿಲಿ ಈಕ್ವಿವಲೆಂಟ್ ನಡುವೆ ಇರಬೇಕು. 1.5 ದಾಟಿದರೆ ವಿಷವಾಗತೊಡಗುತ್ತದೆ. ಗುಣಕ್ಕೂ ಅಪಾಯಕ್ಕೂ ನಡುವೆ ಇರುವ ಜಾಗ ಇಷ್ಟೇ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ಹೊಲದಲ್ಲಿ ದುಡಿಯುವವರು, ಏಕಾದಶಿಗೆ ನೀರೂ ಮುಟ್ಟದವರು, ರಂಜಾನ್ ಉಪವಾಸದವರು, ಬಿಪಿ ಇದೆ ಎಂದು ಯಾರೋ ಹೇಳಿದ್ದಕ್ಕೆ ಉಪ್ಪನ್ನು ಪೂರ್ತಿ ಬಿಟ್ಟವರು, ಭೇದಿ ಹಿಡಿದವರು, ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಡೈಕ್ಲೊಫಿನಾಕ್ ಕೊಂಡು ನುಂಗುವವರು, ಎಲ್ಲರೂ ಅಪಾಯದ ಅಂಚಿನಲ್ಲಿರುತ್ತಾರೆ. ಕೈ ಜೋರಾಗಿ ನಡುಗುವುದು, ವಾಂತಿ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಮುಂದಿನ ಮಾತ್ರೆ ಕೊಡದೆ ಡಾಕ್ಟರಿಗೆ ತಿಳಿಸಬೇಕು. ಕುಡಿದು ಬಂದಿದ್ದಾನೆ ಎಂದು ಮನೆಯವರು ಬೈದು ಮಲಗಿಸಿದರೆ ಹೊತ್ತು ಮೀರುತ್ತದೆ. ರೋಗಿ ಮನೆಗೆ ಹೊರಡುವಾಗ ಚೀಟಿಯಲ್ಲಿ ಬರೆದುಕೊಡುವುದು ಸಾಲದು. ಮನೆಯಲ್ಲಿ ಅಡುಗೆ ಮಾಡುವವರನ್ನು ಕೂರಿಸಿಕೊಂಡು ಹೇಳಬೇಕು.

ಸ್ಕಿಝೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಔಷಧಿಯ ಬಗ್ಗೆ ಎರಡೇ ಮಾತು. ಮೊದಲ ತಿಂಗಳುಗಳಲ್ಲಿ ವಾರ ವಾರ ರಕ್ತದ ಬಿಳಿಕಣ ಎಣಿಸಬೇಕು, ಗಂಟಲುನೋವು, ಜ್ವರ ಬಂದರೆ ಅದನ್ನು ಮಾಮೂಲಿ ನೆಗಡಿ ಎಂದು ಬಿಡಬಾರದು. ಮತ್ತು ಮಲಬದ್ಧತೆ ಇದೆಯೇ ಎಂದು ಕೇಳಿ. ಹೇಳಿಕೊಳ್ಳಲು ನಾಚುವ ಈ ತೊಂದರೆಯಿಂದಲೇ ಕರುಳು ನಿಂತು ಜೀವಕ್ಕೆ ಎರವಾಗಬಹುದು.

ಇನ್ನು ಮಾತಿನ ವಿಚಾರ. ವಿದ್ಯಾರ್ಥಿಗಳು ಅತಿ ಹೆಚ್ಚು ಹೆದರುವುದು ಇಲ್ಲೇ. ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸುತ್ತಿರುವ ಹೆಂಗಸು ನಿಮ್ಮ ಕೈ ಹಿಡಿದು, "ಸಿಸ್ಟರ್, ನನ್ನನ್ನ ಬೈತಾ ಇದ್ದಾರೆ, ನಿಮಗೆ ಕೇಳಿಸ್ತಿಲ್ವಾ?" ಎನ್ನುತ್ತಾಳೆ. ಅಲ್ಲಿ ಯಾರೂ ಇಲ್ಲ ಎಂದು ವಾದಕ್ಕಿಳಿದರೆ ಅವಳು ಒಂಟಿಯಾಗುತ್ತಾಳೆ. ಹೌದು, ನನಗೂ ಕೇಳಿಸುತ್ತಿದೆ ಎಂದರೆ ಸುಳ್ಳಾಡಿದಂತೆ, ಆ ಸುಳ್ಳು ಅವಳ ಹೆದರಿಕೆಗೆ ಸಾಕ್ಷಿ ಒದಗಿಸುತ್ತದೆ. "ನನಗೆ ಕೇಳಿಸ್ತಿಲ್ಲಮ್ಮ. ಆದ್ರೆ ನಿಮಗೆ ಕೇಳಿಸ್ತಿದೆ, ತುಂಬ ಹೆದರಿದ್ದೀರಿ ಅನ್ನೋದು ಕಾಣ್ತಿದೆ. ನಾನು ಇಲ್ಲೇ ಇರ್ತೀನಿ, ಏನು ಹೇಳ್ತಿದ್ದಾರೆ ಹೇಳಿ" ಎನ್ನಬಹುದು. ಕೊನೆಯ ಪ್ರಶ್ನೆ ಬಿಡಬೇಡಿ. ಬಾವಿಗೆ ಬೀಳು, ಅವನನ್ನು ಹೊಡಿ ಎಂದು ಆ ದನಿ ಅಪ್ಪಣೆ ಮಾಡುತ್ತಿದ್ದರೆ ಆ ಕ್ಷಣದಿಂದ ಅವಳ ಬಳಿ ಒಬ್ಬರು ಇರಲೇಬೇಕು.

ಕೆಲವರು ಮಾತೇ ಆಡುವುದಿಲ್ಲ. ಕ್ಯಾಟಟೋನಿಯಾದಲ್ಲಿ ಮನುಷ್ಯ ಕಲ್ಲಿನಂತೆ ಕೂತುಬಿಡುತ್ತಾನೆ, ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ, ಎತ್ತಿದ ಕೈಯನ್ನು ಇಳಿಸುವುದಿಲ್ಲ. ಅವನ ಮುಂದೆಯೇ ನಿಂತು ಮನೆಯವರ ಜಗಳ, ಖರ್ಚು, ಇವನು ಉಳಿಯುವುದಿಲ್ಲ ಎಂಬ ಮಾತು ಎಲ್ಲವನ್ನೂ ಆಡುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಗುಣವಾದ ಮೇಲೆ ಅವರಲ್ಲಿ ಹಲವರು ಆ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಹೇಳುತ್ತಾರೆ. ಲೊರಾಜಿಪಾಮ್‌ನಿಂದಲೋ, ವಿದ್ಯುತ್ ಚಿಕಿತ್ಸೆಯಿಂದಲೋ ಈ ಸ್ಥಿತಿ ಬಹುಪಾಲು ಬೇಗನೆ ಇಳಿಯುತ್ತದೆ. ಅಲ್ಲಿಯವರೆಗೆ ಬಾಯಿ ಒರೆಸುವ ಮುಂಚೆ, ಮಗ್ಗುಲು ಬದಲಿಸುವ ಮುಂಚೆ, ಸೀರೆ ಸರಿಪಡಿಸುವ ಮುಂಚೆ ಹೇಳಿಯೇ ಮುಟ್ಟಬೇಕು.

ಸಾಯುವ ಯೋಚನೆಯ ಬಗ್ಗೆ ಬಾಯಿಬಿಟ್ಟು ಕೇಳಲು ಹಿರಿಯ ನರ್ಸುಗಳೂ ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂಬ ಭಯ. ಹಾಗಾಗುವುದಿಲ್ಲ. "ಬದುಕು ಸಾಕು ಅನ್ನಿಸಿದೆಯಾ?" ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿದರೆ ಎಷ್ಟೋ ದಿನ ಒಳಗಿಟ್ಟುಕೊಂಡಿದ್ದನ್ನು ಹೇಳಿಕೊಳ್ಳಲು ಬಾಗಿಲು ಸಿಕ್ಕಿತೆಂದು ಜನ ಅತ್ತುಬಿಡುತ್ತಾರೆ. ಖಿನ್ನತೆ ತೀವ್ರವಾಗಿದ್ದಾಗ ಏಳುವುದಕ್ಕೂ ತ್ರಾಣವಿರುವುದಿಲ್ಲ. ಚಿಕಿತ್ಸೆ ಶುರುವಾಗಿ ತ್ರಾಣ ಮೊದಲು ಬಂದು, ಮನಸ್ಸಿನ ಕತ್ತಲೆ ಇನ್ನೂ ಸರಿಯದ ಆ ಕೆಲವು ವಾರಗಳಲ್ಲಿ ಎಚ್ಚರ ಹೆಚ್ಚಾಗಬೇಕು. ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ವಾರಗಳೂ ಅಷ್ಟೇ ಅಪಾಯದವು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಹೇಳುತ್ತದೆ. ಕ್ರಿಮಿನಾಶಕ ಕುಡಿದು ಕ್ಯಾಜುವಾಲ್ಟಿಗೆ ಬಂದ ರೈತನಿಗೆ "ಹೆಂಡ್ತಿ ಮಕ್ಕಳ ಮುಖ ನೋಡ್ಬೇಕಾಗಿರಲಿಲ್ವಾ" ಎಂದು ನಳಿಕೆ ಇಳಿಸುತ್ತಲೇ ಬೈಯುವ ರೂಢಿ ಇನ್ನೂ ಇದೆ. ಆ ಬೈಗುಳ ನಿಲ್ಲಬೇಕು. ಅವನು ಆ ಮುಖಗಳನ್ನು ನೆನೆದೇ ಸೋತು ಬಂದವನು.

ಕಟ್ಟಿಹಾಕುವುದರ ಬಗ್ಗೆ ಹೇಳದೆ ಈ ಉಪನ್ಯಾಸ ಮುಗಿಸಲಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಬಳಿ ನಡೆಸುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ಮನೋರೋಗಿಗಳು ಓಡಲಾಗಲಿಲ್ಲ. 28 ಜನ ಸತ್ತರು. ಸರಪಳಿ ಈಗ 2017ರ ಅದೇ ಕಾಯ್ದೆಯಲ್ಲಿ ಸಂಪೂರ್ಣ ನಿಷಿದ್ಧ. ಆಸ್ಪತ್ರೆಗಳಲ್ಲಿ ರೋಗಿಯನ್ನು ಹಿಡಿದಿಡುವುದಕ್ಕೂ 97ನೆಯ ಕಲಂ ಕಟ್ಟುನಿಟ್ಟು ವಿಧಿಸಿದೆ. ರೋಗಿಗೋ ಇತರರಿಗೋ ಕೂಡಲೇ ಆಗಲಿರುವ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಅನುಮತಿ ಬೇಕು, ಬೇಕಾದಷ್ಟು ಹೊತ್ತು ಮಾತ್ರ, ಕಾರಣ ದಾಖಲಾಗಬೇಕು, ಶಿಕ್ಷೆಯಾಗಿ ಎಂದಿಗೂ ಕೂಡದು. ಸಿಬ್ಬಂದಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಕಟ್ಟಿಹಾಕುವಂತಿಲ್ಲ ಎಂದೂ ಅದು ಬಿಡಿಸಿ ಹೇಳಿದೆ.

ಆ ಕೊನೆಯ ಮಾತಿನ ಭಾರವೆಲ್ಲ ರಾತ್ರಿ ಪಾಳಿಯ ಒಬ್ಬ ನರ್ಸಿನ ಮೇಲೆ ಬೀಳುತ್ತದೆ. ವಾರ್ಡು ತುಂಬ ರೋಗಿಗಳು, ಒಬ್ಬ ಆಯಾ, ಹೊರಗೆ ಒಬ್ಬ ಕಾವಲುಗಾರ. ಅಲ್ಲಿ ಯಾರೋ ಕುರ್ಚಿ ಎತ್ತಿದರೆ ಆಕೆ ಕಾಯ್ದೆಯನ್ನು ಹೇಗೆ ಪಾಲಿಸಬೇಕು? ಹಲ್ಲೆಗೆ ಒಳಗಾಗಿ, ಮರುದಿನ ಅದೇ ವಾರ್ಡಿಗೆ ಡ್ಯೂಟಿಗೆ ಬರುವ ಹುಡುಗಿಯರನ್ನು ನಾನು ಬಲ್ಲೆ. ಆಸ್ಪತ್ರೆಗಳನ್ನು ನಡೆಸುವವರು ಈ ಸಭೆಯಲ್ಲಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಮನುಷ್ಯರ ಸಂಖ್ಯೆ ಹೆಚ್ಚಿಸದೆ ಕಟ್ಟುವುದನ್ನು ನಿಲ್ಲಿಸಿ ಎನ್ನುವುದು ಅನ್ಯಾಯ. ತರಬೇತಿಯೂ ಬೇಕು. ಹಲ್ಲೆ ಮಿಂಚಿನಂತೆ ಬರುವುದು ಅಪರೂಪ. ಅದಕ್ಕೆ ಮುಂಚೆ ದನಿ ಏರುತ್ತದೆ, ಮುಷ್ಟಿ ಬಿಗಿಯುತ್ತದೆ, ಹೆಜ್ಜೆ ಬಿರುಸಾಗುತ್ತದೆ. ಆಗಲೇ ಇತರರನ್ನು ದೂರ ಕಳಿಸಿ, ಬಾಗಿಲಿಗೆ ಅಡ್ಡ ನಿಲ್ಲದೆ, ಎರಡು ತೋಳಿನಷ್ಟು ದೂರದಿಂದ ಹೆಸರು ಹಿಡಿದು ಮಾತಾಡಿಸಿ, ನೀರು ಬೇಕಾ ಎಂದು ಕೇಳುವುದು ಒಂದು ಕೌಶಲ. ಚುಚ್ಚುಮದ್ದು ಹಾಕುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಅದನ್ನೂ ಕಲಿಸಬೇಕು.

ನಮ್ಮ ದೇಶದಲ್ಲಿ ಮನೋರೋಗಿಯನ್ನು ಅತಿ ಹೆಚ್ಚು ಹೊತ್ತು ನೋಡಿಕೊಳ್ಳುವವರು ಮನೆಯವರು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯೊಡನೆ ಕುಟುಂಬವನ್ನೂ ಉಳಿಸಿಕೊಂಡರು. ಆ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದ ಕೆಲಸ ಬೆಂಗಳೂರಿನಲ್ಲಿ ನಡೆಯಿತು, ಅದು ಸಿಗಬೇಕಾದಷ್ಟು ಪ್ರಸಿದ್ಧಿ ಪಡೆಯಲಿಲ್ಲ. 1980ರ ದಶಕದ ಆರಂಭದಲ್ಲಿ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಅವರು ಮೊದಲ ಸಲ ಸ್ಕಿಝೋಫ್ರೇನಿಯಾ ಕಂಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಕಪೂರ್ ಎಂದರೆ ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ಕರಾವಳಿಯ ಕೋಟದ ಜನರ ಮಾನಸಿಕ ಸ್ಥಿತಿಯನ್ನು ಅಧ್ಯಯನ ಮಾಡಿದವರು. ಒಂದು ಗುಂಪು ಆಸ್ಪತ್ರೆಯಲ್ಲಿ ದಾಖಲಾಯಿತು. ಇನ್ನೊಂದು ಗುಂಪು ಮನೆಯಲ್ಲೇ ಉಳಿಯಿತು, ತರಬೇತಾದ ನರ್ಸ್ ಮನೆಗೆ ಹೋಗಿ ನೋಡಿಕೊಂಡರು. ಆರು ತಿಂಗಳ ಕೊನೆಗೆ ಮನೆಯಲ್ಲಿದ್ದವರ ಸ್ಥಿತಿಯೇ ಉತ್ತಮವಾಗಿತ್ತು, ಕುಟುಂಬದ ಹೊರೆ ಹೆಚ್ಚು ಇಳಿದಿತ್ತು, ಖರ್ಚೂ ಕಡಿಮೆಯಾಗಿತ್ತು. ನಲವತ್ತು ವರ್ಷಗಳ ಹಿಂದೆ ನಮ್ಮದೇ ಊರಿನಲ್ಲಿ ಸಿಕ್ಕ ಫಲ ಇದು. ಆದರೂ ಮನೆಗೆ ಹೋಗುವ ಮನೋವೈದ್ಯಕೀಯ ನರ್ಸ್ ಎಂಬ ಹುದ್ದೆ ಇವತ್ತಿಗೂ ಹುಡುಕಿದರೆ ಸಿಗದಷ್ಟು ಅಪರೂಪ.

ಇದರ ನಂತರ ದೊಡ್ಡ ಯೋಜನೆಗಳು ಬಂದಿವೆ, ಇಲ್ಲವೆನ್ನುವುದಿಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಮಾದರಿಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಾಯಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡುಕೊಂಡದ್ದು, ಬೇರೆ ಬೇರೆ ಮನೋರೋಗಗಳಲ್ಲಿ ಶೇ. 70ರಿಂದ 92ರಷ್ಟು ಮಂದಿ ಚಿಕಿತ್ಸೆಯ ಹೊರಗೇ ಉಳಿದಿದ್ದಾರೆ ಎಂದು. ಮಂಗಳವಾರ ಡಾಕ್ಟರು ಬಂದು ಹೋಗುತ್ತಾರೆ. ಬುಧವಾರದಿಂದ ಸೋಮವಾರದವರೆಗೆ ಆ ರೋಗಿ ಯಾರವನು?

ಅದಕ್ಕೆ ಈ ಕಾಲೇಜಿನ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ ಇಡುತ್ತೇನೆ. ನಿಮ್ಮ ವಿದ್ಯಾರ್ಥಿಗಳು ಮನೋವೈದ್ಯಕೀಯ ಪೋಸ್ಟಿಂಗಿಗೆ ಹೋದಾಗ ಕೇಸ್ ಸ್ಟಡಿ ಬರೆದು, ಸಹಿ ಹಾಕಿಸಿಕೊಂಡು ಮರಳುತ್ತಾರೆ. ಅದರ ಜೊತೆಗೆ ಪ್ರತಿ ವಿದ್ಯಾರ್ಥಿಯೂ ಬಿಡುಗಡೆಯಾಗಿ ಹೋದ ಒಬ್ಬ ರೋಗಿಯ ಮನೆಗೆ, ಆ ರೋಗಿಯೂ ಮನೆಯವರೂ ಒಪ್ಪಿದರೆ, ಆ ಊರಿನ ಆಶಾ ಕಾರ್ಯಕರ್ತೆಯ ಜೊತೆಗೂಡಿ ಹೋಗಿಬರಲಿ. ಮೊದಲ ವಾರದೊಳಗೆ ಒಮ್ಮೆ, ತಿಂಗಳ ಕೊನೆಗೆ ಒಮ್ಮೆ. ಮಾತ್ರೆ ಉಳಿದಿದೆಯೋ ಮುಗಿದಿದೆಯೋ, ನಿದ್ದೆ ಹೇಗಿದೆ, ಬಸ್ ಚಾರ್ಜಿಗೆ ದುಡ್ಡಿದೆಯೋ, ಮನೆಯಲ್ಲಿ ನೋಡಿಕೊಳ್ಳುವಾಕೆ ಒಂದು ರಾತ್ರಿಯಾದರೂ ಪೂರ್ತಿ ಮಲಗಿದ್ದಾಳೋ ಎಂದು ಕೇಳಿ, ಬರೆದು ತಂದು ಮಂಗಳವಾರ ಡಾಕ್ಟರ ಮೇಜಿನ ಮೇಲೆ ಇಡಲಿ. ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ಶುರುಮಾಡಬಹುದು. ಮೊದಲ ತಂಡದ ಜೊತೆ ಊರೂರಿಗೆ ಹೋಗಲು ನಾನೂ ಬರುತ್ತೇನೆ.